ಮನೆ ಕಂದಾಯ ನಿಲ್ಲಿಸೋಣವಾ, ಲೆಕ್ಕ ಕೇಳೋಣವಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಒಂದು ತಾಲ್ಲೂಕು ಕೇಂದ್ರದಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಈ ಏಪ್ರಿಲ್‌ನಲ್ಲಿ ಪುರಸಭೆಗೆ ಮನೆ ಕಂದಾಯ, ಸೆಸ್ ಎಲ್ಲಾ ಸೇರಿ 5,950 ರೂಪಾಯಿ ಕಟ್ಟಿದೆ. ಫೆಬ್ರವರಿಯಲ್ಲಿ ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಿದ್ದರು. ಮೇ ತಿಂಗಳಲ್ಲಿ ನೀರಿನ ಪೈಪಿಗೆ ಅಂತ ಅದನ್ನೇ ಅಗೆದರು, ಮಣ್ಣು ಮುಚ್ಚಿ ಹೋದರು. ಈಗ ಒಳಚರಂಡಿಗೆ ಅಂತ ಮತ್ತೆ ಅಗೆಯುತ್ತಿದ್ದಾರೆ. ಮಳೆ ಬಂದರೆ ನನ್ನ ತಾಯಿ ಮನೆಯಿಂದ ಹೊರಗೆ ಕಾಲಿಡಲು ಆಗುವುದಿಲ್ಲ. ಇದೇ ರಸ್ತೆಗೆ ಇನ್ನೊಂದು ಎಸ್ಟಿಮೇಟ್ ಆಗಿದೆ ಅಂತ ಸುದ್ದಿ ಬೇರೆ. ದೇಶದಲ್ಲಿ ನೂರಕ್ಕೆ ಇಬ್ಬರೋ ಮೂವರೋ ತೆರಿಗೆ ಕಟ್ಟುತ್ತಾರಂತೆ. ಆ ದುಡ್ಡೂ ಬಿಟ್ಟಿ ಯೋಜನೆಗಳಿಗೆ ಹೋಗುತ್ತದಂತೆ. ರೂಪಾಯಿಯಲ್ಲಿ 15 ಪೈಸೆ ಮಾತ್ರ ಜನಕ್ಕೆ ತಲುಪುತ್ತದೆ ಅಂತ ಪ್ರಧಾನಿಯೊಬ್ಬರೇ ಹೇಳಿದ್ದರಂತೆ. ಹಾಗಾಗಿ ನಮ್ಮ ಬೀದಿಯ 14 ಮನೆಯವರು ಮುಂದಿನ ವರ್ಷ ಯಾರೂ ಕಂದಾಯ ಕಟ್ಟೋದು ಬೇಡ ಅಂತ ಮಾತಾಡಿಕೊಂಡಿದ್ದೇವೆ. ಇದು ಸರಿಯಾ? ಏನಾದರೂ ತೊಂದರೆ ಆಗುತ್ತಾ? ನಮ್ಮಂಥವರು ಬೇರೆ ಏನು ಮಾಡಬಹುದು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಕಿದ ಮೂರೇ ತಿಂಗಳಿಗೆ ರಸ್ತೆ ಅಗೆದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಮೂವತ್ತು ವರ್ಷ ಪುರಸಭೆ, ಪಂಚಾಯಿತಿಗಳ ಲೆಕ್ಕ ಆಡಿಟ್ ಮಾಡಿದವಳು ನಾನು. ಇಂಥ ರಸ್ತೆಗಳನ್ನು ಕಾಗದದ ಮೇಲೂ ನೋಡಿದ್ದೇನೆ, ಟೇಪ್ ಹಿಡಿದು ಅಳೆದೂ ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ಕಂದಾಯ ನಿಲ್ಲಿಸಬೇಡಿ. ಅದರ ಬದಲು ಆ ರಸ್ತೆಯ ಲೆಕ್ಕ ಕೇಳಿ. ಯಾಕೆ, ಹೇಗೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಕಲಸಿಕೊಂಡಿವೆ. ಒಂದು ಕಳ್ಳತನ: ಕೆಲಸ ಮಾಡದೆ ಬಿಲ್ ಎತ್ತುವುದು. ಇನ್ನೊಂದು ದುಂದು: ಯಾರೂ ಕದಿಯದಿದ್ದರೂ ದುಡ್ಡು ಹಾಳಾಗುವುದು. ಮತ್ತೊಂದು, ನಮಗೆ ಇಷ್ಟವಿಲ್ಲದ ಖರ್ಚು: ಸರ್ಕಾರ ತೀರ್ಮಾನ ಮಾಡಿಯೇ ಖರ್ಚು ಮಾಡುತ್ತದೆ, ನಮಗೆ ಅದು ಬೇಡ ಅನ್ನಿಸುತ್ತದೆ. ಮೂರಕ್ಕೂ ಒಂದೇ ಮದ್ದಿಲ್ಲ. ಟೀವಿ ಚರ್ಚೆಗಳಲ್ಲಿ ಮೂರನೆಯದರ ಬಗ್ಗೆಯೇ ಜಾಸ್ತಿ ಕೂಗಾಟ ನಡೆಯುತ್ತದೆ. ನಿಮ್ಮ ಮನೆ ಮುಂದಿನ ಗುಂಡಿಗೆ ಮಾತ್ರ ಕಾರಣ ಮೊದಲ ಎರಡು.

ನೂರಕ್ಕೆ ಇಬ್ಬರು ಮೂವರು ತೆರಿಗೆ ಕಟ್ಟುತ್ತಾರೆ ಅನ್ನುವ ಮಾತನ್ನು ಮೊದಲು ನೋಡೋಣ. ಆದಾಯ ತೆರಿಗೆಯ ಮಟ್ಟಿಗೆ ಅದು ಸತ್ಯಕ್ಕೆ ಹತ್ತಿರ. 2024ರ ಜುಲೈ 31ರ ಗಡುವಿನೊಳಗೆ ಸಲ್ಲಿಕೆಯಾದ ರಿಟರ್ನ್ಸ್ 7.28 ಕೋಟಿ. ಅದರಲ್ಲೂ ಬಹಳ ಜನ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ಆದಾಯ ತೆರಿಗೆಯೊಂದೇ ತೆರಿಗೆಯಲ್ಲ. ನಿಮ್ಮ ಬೀದಿಗೆ ಹೂವು ಮಾರಲು ಬರುವ ಹೆಂಗಸು 299 ರೂಪಾಯಿಗೆ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 18 ಪರ್ಸೆಂಟ್ ಲೆಕ್ಕದ ಜಿಎಸ್‌ಟಿ ಸೇರಿರುತ್ತದೆ. ಅಂದರೆ 45 ರೂಪಾಯಿ 60 ಪೈಸೆ. ಆಕೆಯ ಹೂವಿನ ಮೂಟೆ ಹೊತ್ತು ತರುವ ಲಗೇಜ್ ಆಟೋದ ಡೀಸೆಲ್ ಮೇಲೆ 2025ರ ಏಪ್ರಿಲ್‌ನಿಂದ ರಾಜ್ಯದ ಮಾರಾಟ ತೆರಿಗೆ 21.17 ಪರ್ಸೆಂಟ್. ಕೇಂದ್ರದ ಅಬಕಾರಿ ಸುಂಕ ಬೇರೆ. 2024-25ರಲ್ಲಿ ದೇಶದಲ್ಲಿ ಒಟ್ಟು ಜಿಎಸ್‌ಟಿ ವಸೂಲಿ 22 ಲಕ್ಷ ಕೋಟಿ ದಾಟಿತು. ಅದನ್ನು ಎರಡು ಮೂರು ಪರ್ಸೆಂಟ್ ಜನ ಕಟ್ಟಿದ್ದಲ್ಲ. ಸೋಪು ಕೊಂಡವರೆಲ್ಲ ಕಟ್ಟಿದ್ದು. ಆದ್ದರಿಂದ 'ನಾವು ಕಟ್ಟುವವರು, ಅವರು ತಿನ್ನುವವರು' ಅನ್ನುವ ಗೆರೆ ಎಳೆಯಬೇಡಿ. ಲೆಕ್ಕ ಕೇಳಲು ಹೋದಾಗ ಆ ಹೂವಿನಾಕೆಯೂ ನಿಮ್ಮ ಪಕ್ಕದಲ್ಲಿ ನಿಲ್ಲಬೇಕು. ಆಕೆಗೂ ಅಷ್ಟೇ ಹಕ್ಕಿದೆ.

ಇನ್ನು ನೀವು ಬಿಟ್ಟಿ ಅಂದ ಯೋಜನೆಗಳು, ಅಂದರೆ ಗ್ಯಾರಂಟಿಗಳು. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಎಂಟರಲ್ಲಿ ಒಂದು ಪಾಲು. ಇದು ಸಣ್ಣ ಮೊತ್ತವಲ್ಲ, ಹಾಗಂತ ಎಲ್ಲವೂ ಅಲ್ಲಿಗೇ ಹೋಯಿತು ಅನ್ನುವುದೂ ನಿಜವಲ್ಲ. 10 ಎಚ್.ಪಿ. ವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಗ್ಯಾರಂಟಿಗಳಿಗಿಂತ ಎಷ್ಟೋ ಹಳೆಯದು. ಬೇರೆ ಬೇರೆ ಪಕ್ಷದ ಸರ್ಕಾರಗಳು ಬಂದು ಹೋದರೂ ಅದು ನಿಂತಿಲ್ಲ. ನಿಜವಾಗಿ ಯೋಚಿಸಬೇಕಾದ ಅಂಕಿ ಬೇರೆ ಇದೆ. ಅದೇ ಬಜೆಟ್‌ನಲ್ಲಿ ರಾಜಸ್ವ ಕೊರತೆ 19,262 ಕೋಟಿ ಅಂತ ತೋರಿಸಿದ್ದಾರೆ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೆ ಬರುವ ಆದಾಯ ಸಾಲದು, ಅಷ್ಟರಮಟ್ಟಿಗೆ ಸಾಲ ಮಾಡಿ ದಿನದ ಖರ್ಚು ತೂಗಿಸಬೇಕು. ಇಂಥದ್ದು ಆಗಬಾರದು ಅಂತಲೇ ನಮ್ಮ ರಾಜ್ಯ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ದೇಶದಲ್ಲಿ ಮೊದಲು ಮಾಡಿದ್ದು ನಾವೇ. ಮನೆ ಕಟ್ಟಲು ಸಾಲ ಮಾಡುವುದು ಬೇರೆ, ರೇಷನ್ ತರಲು ಸಾಲ ಮಾಡುವುದು ಬೇರೆ, ಅಲ್ವಾ? ಈ ಚರ್ಚೆ ನಡೆಯಲೇಬೇಕು. ಅದರ ಜಾಗ ವಿಧಾನಸಭೆ, ಮತಗಟ್ಟೆ. ಪುರಸಭೆಯ ಕೌಂಟರ್ ಅಲ್ಲ.

15 ಪೈಸೆಯ ಮಾತು 1985ರದು. ಆಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಒಡಿಶಾದ ಕಾಳಹಂಡಿಗೆ ಹೋದಾಗ ಆಡಿದ್ದು. ಬ್ಯಾಂಕ್ ಖಾತೆಗೆ ನೇರವಾಗಿ ಬೀಳುವ ದುಡ್ಡಿಗೆ ಈಗ ಆ ಮಾತು ಒಪ್ಪುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ತಡವಾಗಿ ಬರಬಹುದು, ಬಂದಾಗ 2,000 ರೂಪಾಯಿಯೇ ಬರುತ್ತದೆ. ಸೋರಿಕೆ ಇರುವುದು ಕಾಮಗಾರಿಯಲ್ಲಿ. ಸಿಮೆಂಟು, ಜಲ್ಲಿ, ಪೈಪು, ಲೇಬರ್ ಇರುವ ಕಡೆ. ನಿಮ್ಮ ಕಣ್ಣು ಅಲ್ಲಿರಲಿ.

ಈಗ ನಿಮ್ಮ ರಸೀದಿಗೆ ಬರೋಣ. ನಿಮ್ಮ ಮೂಲ ಕಂದಾಯ 5,000 ರೂಪಾಯಿ ಇರಬೇಕು. ಅದರ ಮೇಲೆ ಆರೋಗ್ಯ ಸೆಸ್ 15 ಪರ್ಸೆಂಟ್, 750 ರೂಪಾಯಿ. ಗ್ರಂಥಾಲಯ ಸೆಸ್ 6 ಪರ್ಸೆಂಟ್, 300. ಭಿಕ್ಷುಕರ ಸೆಸ್ 3 ಪರ್ಸೆಂಟ್, 150. ಒಟ್ಟು 6,200. ಏಪ್ರಿಲ್‌ನಲ್ಲೇ ಕಟ್ಟಿದ್ದಕ್ಕೆ ಮೂಲ ಕಂದಾಯದ ಮೇಲೆ 5 ಪರ್ಸೆಂಟ್ ರಿಯಾಯಿತಿ ಅಂತ 250 ಕಳೆದಿದ್ದಾರೆ. 5,950 ಬಂತು. ರಸೀದಿ ತೆಗೆದು ನೋಡಿ, ಸಾಲು ಸಾಲಾಗಿ ಇದೇ ಇರುತ್ತದೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ನೀವು ಕಟ್ಟುವ ತೆರಿಗೆಗಳಲ್ಲಿ ಪೂರ್ತಿ ನಿಮ್ಮ ಊರಲ್ಲೇ ಉಳಿಯುವುದು ಈ ಮೂಲ ಕಂದಾಯ ಮಾತ್ರ. ಜಿಎಸ್‌ಟಿ ದೆಹಲಿ, ಬೆಂಗಳೂರು ಸುತ್ತಿ ಬರುತ್ತದೆ. ಕೇಂದ್ರ ಸಂಗ್ರಹಿಸುವ, ಹಂಚಬೇಕಾದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ 41 ಪರ್ಸೆಂಟ್ ಕೊಡಬೇಕು ಅಂತ 15ನೇ ಹಣಕಾಸು ಆಯೋಗ ಹೇಳಿತು. ಅದರಲ್ಲಿ ನಮ್ಮ ರಾಜ್ಯದ ಪಾಲು ಹಿಂದಿನ ಆಯೋಗದ ಕಾಲದಲ್ಲಿ 4.713 ಪರ್ಸೆಂಟ್ ಇದ್ದದ್ದು 3.647ಕ್ಕೆ ಇಳಿಯಿತು. ಅದರ ಜಗಳ 2024ರ ಫೆಬ್ರವರಿಯಲ್ಲಿ ದೆಹಲಿಯ ಜಂತರ್ ಮಂತರ್ ಧರಣಿವರೆಗೂ ಹೋಗಿದ್ದು ನಿಮಗೆ ನೆನಪಿರಬಹುದು. ಮನೆ ಕಂದಾಯಕ್ಕೆ ಆ ಸುತ್ತು ಬಳಸು ಏನೂ ಇಲ್ಲ. ಅದು ಪುರಸಭೆ ನಿಧಿಗೇ ಸೇರುತ್ತದೆ. ಬೀದಿದೀಪ, ಬೋರ್‌ವೆಲ್ ಮೋಟರ್ ರಿಪೇರಿ, ಬ್ಲೀಚಿಂಗ್ ಪೌಡರ್ ಇಂಥವಕ್ಕೆ ಆಗುತ್ತದೆ. ನಿಮ್ಮ ಕಂದಾಯದಿಂದ ಗ್ಯಾರಂಟಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಸೆಸ್ ಮಾತ್ರ ಬೇರೆಯವರದು. ಪುರಸಭೆ ಅದನ್ನು ವಸೂಲಿ ಮಾಡಿ, ವಸೂಲಿ ಖರ್ಚು ಹಿಡಿದುಕೊಂಡು, ಆಯಾ ಬಾಬ್ತಿಗೆ ಕಟ್ಟಬೇಕು. ಎಷ್ಟೋ ಕಡೆ ಕಟ್ಟುವುದಿಲ್ಲ. ನನ್ನ ಆಡಿಟ್ ವರದಿಗಳಲ್ಲಿ ಗ್ರಂಥಾಲಯ ಸೆಸ್ ಬಾಕಿ ಅನ್ನುವ ಕಂಡಿಕೆ, ಅಂದರೆ ಆಕ್ಷೇಪಣೆಯ ಪ್ಯಾರಾ, ಇಲ್ಲದ ವರ್ಷವೇ ನೆನಪಿಲ್ಲ. ಓದುವ ಮಕ್ಕಳ ದುಡ್ಡು ಅದು.

ಹಾಗಾದರೆ ಕಾಂಕ್ರೀಟ್ ರಸ್ತೆ ಯಾರ ದುಡ್ಡಿನದು? ಬಹುಶಃ ರಾಜ್ಯ ಹಣಕಾಸು ಆಯೋಗದ ಅನುದಾನ, ಇಲ್ಲವೇ ಪಟ್ಟಣಗಳಿಗೆ ರಾಜ್ಯ ಸರ್ಕಾರ ದುಡ್ಡು ಕೊಡುವ ನಗರೋತ್ಥಾನದಂಥ ಯೋಜನೆಯದು. ನೀರಿನ ಪೈಪು ಇನ್ನೊಂದು ಯೋಜನೆ, ಇನ್ನೊಂದು ಸಂಸ್ಥೆಯ ಕೈಯಲ್ಲಿ. ಒಳಚರಂಡಿ ಮತ್ತೊಂದು ಲೆಕ್ಕ ಶೀರ್ಷಿಕೆ. ಪ್ರತಿಯೊಂದಕ್ಕೂ ಅದರದೇ ಮಂಜೂರಾತಿ, ಅದರದೇ ಗುತ್ತಿಗೆದಾರ, ಅದರದೇ ಗಡುವು. ನಿಮ್ಮ ರಸ್ತೆ ಫೆಬ್ರವರಿಯಲ್ಲೇ ಯಾಕೆ ಆಯಿತು? ಮಾರ್ಚ್ 31 ಹತ್ತಿರ ಬಂದಿತ್ತು. ಅಷ್ಟರೊಳಗೆ ಖರ್ಚು ತೋರಿಸದಿದ್ದರೆ ಅನುದಾನ ಲ್ಯಾಪ್ಸ್ ಆಗುತ್ತದೆ, ಮುಂದಿನ ಕಂತಿಗೂ ತೊಂದರೆ. ಪೈಪ್ ಬರುತ್ತದೆ ಅಂತ ಗೊತ್ತಿದ್ದ ಎಂಜಿನಿಯರ್ ಕೂಡ ಸುಮ್ನೆ ರಸ್ತೆ ಹಾಕಿಸಿಬಿಡುತ್ತಾರೆ. ಇಲ್ಲಿ ಯಾರೂ ಒಂದು ರೂಪಾಯಿ ಜೇಬಿಗೆ ಹಾಕಿಕೊಳ್ಳದಿದ್ದರೂ ದುಡ್ಡು ಮಣ್ಣುಪಾಲು. ನಾನು ದುಂದು ಅಂದದ್ದು ಇದನ್ನೇ. ನನ್ನ ಅನುಭವದಲ್ಲಿ ಕಳ್ಳತನಕ್ಕಿಂತ ಇದರಿಂದಲೇ ಜಾಸ್ತಿ ನಷ್ಟ. ಕಳ್ಳತನ ಹಿಡಿಯಲು ನಿಯಮ ಇದೆ. ಮೂರು ಇಲಾಖೆ ಒಂದು ಮೇಜಿನ ಸುತ್ತ ಕೂತು 'ಮೊದಲು ಪೈಪು, ಆಮೇಲೆ ಚರಂಡಿ, ಕೊನೆಗೆ ರಸ್ತೆ' ಅಂತ ತೀರ್ಮಾನಿಸಲಿಲ್ಲ ಅಂದರೆ ಅದಕ್ಕೆ ಯಾರನ್ನೂ ಹೊಣೆ ಮಾಡಲು ಆಗುವುದಿಲ್ಲ.

ಕಳ್ಳತನ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಊರಿನ ಹೆಸರು ಬೇಡ. ಒಂದು ಪುರಸಭೆಯ ಕಾಮಗಾರಿ ಕಡತಗಳನ್ನು ನೋಡುತ್ತಿದ್ದೆ. ಮೂರು ಸಣ್ಣ ಕಾಂಕ್ರೀಟ್ ರಸ್ತೆ ಕೆಲಸಗಳು, ಕಡತದ ಭಾಷೆಯಲ್ಲಿ ಸಿ.ಸಿ. ರಸ್ತೆ. 'ಶಾಲೆ ಕಾಂಪೌಂಡಿನಿಂದ ಆಂಜನೇಯ ಗುಡಿವರೆಗೆ ಸಿ.ಸಿ. ರಸ್ತೆ', 'ಆಂಜನೇಯ ಗುಡಿಯಿಂದ ಬೋರ್‌ವೆಲ್‌ವರೆಗೆ ಸಿ.ಸಿ. ರಸ್ತೆ', 'ಬೋರ್‌ವೆಲ್‌ನಿಂದ ಮುಖ್ಯರಸ್ತೆ ಸೇರುವವರೆಗೆ ಸಿ.ಸಿ. ರಸ್ತೆ'. ಹೆಸರು ಓದಿದರೇ ಗೊತ್ತಾಗುತ್ತದೆ, ಒಂದೇ ರಸ್ತೆಯ ಮೂರು ತುಂಡು. ಯಾಕೆ ತುಂಡು? ಒಟ್ಟಿಗೆ ತೋರಿಸಿದರೆ ಮೊತ್ತ ಟೆಂಡರ್ ಮಿತಿ ದಾಟುತ್ತದೆ, ಎಲ್ಲರಿಗೂ ಅವಕಾಶ ಕೊಡಬೇಕಾಗುತ್ತದೆ. ತುಂಡು ಮಾಡಿದರೆ ಬೇಕಾದವರಿಗೇ ಕೊಡಬಹುದು. ಇದನ್ನು ತಡೆಯಲೆಂದೇ ನಮ್ಮಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಕಚೇರಿಗಳಲ್ಲಿ ಅದನ್ನು ಕೆ.ಟಿ.ಪಿ.ಪಿ. ಅನ್ನುತ್ತಾರೆ.

ಅನುಮಾನ ಬಂದು ಜಾಗಕ್ಕೆ ಹೋದೆವು. ಎಂ.ಬಿ. ಪುಸ್ತಕದಲ್ಲಿ ಮೂರೂ ಸೇರಿ ಉದ್ದ 165 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್. ಎಂ.ಬಿ. ಅಂದರೆ ಅಳತೆ ಪುಸ್ತಕ. ಎಂಜಿನಿಯರ್ ಅಳೆದು ಬರೆದ ಆ ಅಳತೆಯ ಮೇಲೆಯೇ ಬಿಲ್ ಆಗುವುದು. ನಾವು ಟೇಪ್ ಹಿಡಿದೆವು. 118 ಮೀಟರಿಗೆ ರಸ್ತೆ ಮುಗಿದುಹೋಯಿತು. ಅಂಚು ಒಡೆದಿದ್ದ ಮೂರು ಕಡೆ ಸ್ಕೇಲ್ ಇಟ್ಟೆವು. ಎಲ್ಲೂ 9 ಸೆಂಟಿಮೀಟರ್ ದಾಟಲಿಲ್ಲ. ಲೆಕ್ಕ ಹಾಕಿ ನೋಡಿ. ಪುಸ್ತಕದ ಪ್ರಕಾರ 74 ಘನ ಮೀಟರ್ ಕಾಂಕ್ರೀಟ್. ಜಾಗದಲ್ಲಿ ಇದ್ದದ್ದು 32. ನೀವು ಸಿಮೆಂಟ್ ಮಾರುವವರು. 1:1.5:3 ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಮೂಟೆ ಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. 42 ಘನ ಮೀಟರ್ ಕಾಣೆ ಅಂದರೆ ಮುನ್ನೂರಕ್ಕೂ ಹೆಚ್ಚು ಮೂಟೆ ಸಿಮೆಂಟ್ ಕಾಣೆ. ಅಲ್ಲೇ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು 'ಒಂದೇ ದಿನಕ್ಕೆ ಹಾಕಿ ಮುಗಿಸಿದ್ರವ್ವಾ' ಅಂದರು. ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಗದದ ಮೇಲೆ ಬರೆದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ನಾವು ಆಕ್ಷೇಪಣೆ ಬರೆದೆವು, ವಸೂಲಾತಿಗೆ ಸೂಚಿಸಿದೆವು. ಅದಕ್ಕೆ ಪುರಸಭೆ ಏನು ಕ್ರಮ ಕೈಗೊಂಡಿತು ಅನ್ನುವ ಅನುಪಾಲನಾ ವರದಿ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಸಂಬಂಧಪಟ್ಟ ಎಂಜಿನಿಯರ್ ನಿವೃತ್ತರಾಗಿದ್ದರು. ನಾನು ಕೆಲಸ ಬಿಡುವಾಗಲೂ ಆ ಕಂಡಿಕೆ ಬಾಕಿ ಪಟ್ಟಿಯಲ್ಲೇ ಇತ್ತು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಆಡಿಟ್‌ನವರು ಬರುವುದು ದುಡ್ಡು ಖರ್ಚಾದ ಮೇಲೆ. ಅಷ್ಟು ಹೊತ್ತಿಗೆ ಬಿಲ್ ಪಾಸಾಗಿರುತ್ತದೆ. ಕೆಲಸ ನಡೆಯುವಾಗಲೇ ನೋಡಬಲ್ಲವರು ನೀವು, ನಿಮ್ಮ ಬೀದಿಯವರು.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ: ಕಂದಾಯ ನಿಲ್ಲಿಸಿದರೆ ಏನಾಗುತ್ತದೆ?

ಕಾನೂನಿನಲ್ಲಿ ನಿಮಗೆ ಆಸರೆ ಸಿಗುವುದಿಲ್ಲ. ತೆರಿಗೆ ಬೇರೆ, ಶುಲ್ಕ ಬೇರೆ. ಶುಲ್ಕ ಅಂದರೆ ಇಂಥ ಸೇವೆಗೆ ಇಷ್ಟು ಅಂತ ಕೊಡುವುದು. ತೆರಿಗೆಗೆ ಹಾಗೆ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಲ್ಲ. ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದು 1954ರಲ್ಲಿ, ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. 'ರಸ್ತೆ ಸರಿ ಇಲ್ಲ, ಅದಕ್ಕೆ ತೆರಿಗೆ ಕೊಡುವುದಿಲ್ಲ' ಅನ್ನುವ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಕೈಯಿಂದ ಹೋಗುವ ದುಡ್ಡಿನ ಲೆಕ್ಕವೂ ಇದೆ. ಏಪ್ರಿಲ್‌ನ 250 ರೂಪಾಯಿ ರಿಯಾಯಿತಿ ಹೋಯಿತು. ಜೂನ್ ದಾಟಿದ ಮೇಲೆ ತಿಂಗಳಿಗೆ 2 ಪರ್ಸೆಂಟ್ ದಂಡ. ಜುಲೈನಿಂದ ಮಾರ್ಚ್‌ವರೆಗೆ 9 ತಿಂಗಳಿಗೆ 5,000ದ ಮೇಲೆ 900 ರೂಪಾಯಿ. ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಬಾಕಿ ಇದ್ದರೆ ಇ-ಖಾತಾ ಸಿಗುವುದು ಕಷ್ಟ. ಇ-ಖಾತಾ ಇಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಆ 14 ಮನೆಗಳಲ್ಲಿ ಯಾರಿಗೋ ಮಗಳ ಮದುವೆಗೆ ಸಾಲ ಬೇಕಾಗುತ್ತದೆ, ಯಾರಿಗೋ ಅಣ್ಣತಮ್ಮಂದಿರ ನಡುವೆ ಪಾಲು ಆಗಬೇಕಿರುತ್ತದೆ. ಅವರು ಮೊದಲು ಹೋಗಿ ಕಟ್ಟಿಬಿಡುತ್ತಾರೆ. ನಿಮ್ಮ ಒಗ್ಗಟ್ಟು ಅಲ್ಲಿಗೇ ಮುರಿಯುತ್ತದೆ, ಜೊತೆಗೆ ಮನಸ್ಸೂ ಮುರಿಯುತ್ತದೆ. ಇದನ್ನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ಕಂಡಿದ್ದೇನೆ.

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. 15ನೇ ಹಣಕಾಸು ಆಯೋಗ 2021-26ರ ಅವಧಿಯಲ್ಲಿ ಪಟ್ಟಣಗಳಿಗೆ ಕೊಡುವ ಅನುದಾನಕ್ಕೆ ಷರತ್ತು ಹಾಕಿತ್ತು. ರಾಜ್ಯದ ಒಟ್ಟು ಉತ್ಪನ್ನ ಬೆಳೆಯುವ ವೇಗಕ್ಕೆ ತಕ್ಕಂತೆ ಆಸ್ತಿ ತೆರಿಗೆ ವಸೂಲಿಯೂ ಬೆಳೆಯಬೇಕು, ಲೆಕ್ಕಪತ್ರವನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಅಂದರೆ ಊರಿನವರು ಕಂದಾಯ ನಿಲ್ಲಿಸಿದರೆ ಹೊರಗಿನಿಂದ ಬರುವ ದುಡ್ಡಿಗೂ ಕುತ್ತು. ಕಷ್ಟ ಆಗುವುದು ನೀರು ಬಿಡುವ ವಾಲ್‌ಮ್ಯಾನ್‌ಗೆ, ಕಸ ಎತ್ತುವ ಪೌರಕಾರ್ಮಿಕರಿಗೆ. ರಸ್ತೆ ಬಿಲ್ ಎತ್ತಿದವರಿಗಲ್ಲ, ಅವರ ದುಡ್ಡು ಆಗಲೇ ಸಂದಾಯವಾಗಿರುತ್ತದೆ. ಇನ್ನೊಂದು ಮಾತು. ಪುರಸಭೆ ಅನುದಾನದ ಮೇಲೇ ಬದುಕಿದರೆ ಅಲ್ಲಿನ ಅಧಿಕಾರಿಗಳು ಬೆಂಗಳೂರಿನ ಕಡೆ ನೋಡುತ್ತಾರೆ. ನಿಮ್ಮ ಕಂದಾಯದ ಪಾಲು ಜಾಸ್ತಿ ಇದ್ದಷ್ಟೂ ನಿಮ್ಮ ಕಡೆ ನೋಡಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಪತ್ರದಲ್ಲಿ ನನ್ನ ಕಿವಿ ನಿಮಿರಿದ್ದು ಒಂದು ಸಾಲಿಗೆ: 'ಇದೇ ರಸ್ತೆಗೆ ಇನ್ನೊಂದು ಎಸ್ಟಿಮೇಟ್ ಆಗಿದೆ.' ಅದು ನಿಜವೇ ಆಗಿದ್ದರೆ ನೀವು ಹಿಡಿಯಬೇಕಾದ ಎಳೆ ಅದೇ.

ಪೈಪ್ ಹಾಕುವ ಕೆಲಸದ ಅಂದಾಜು ಪಟ್ಟಿಯಲ್ಲಿ ಸಾಮಾನ್ಯವಾಗಿ ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಐಟಂ ಸೇರಿರುತ್ತದೆ. ಇಲ್ಲವಾದರೆ ರಸ್ತೆ ಅಗೆತದ ಶುಲ್ಕ ಅಂತ ಪುರಸಭೆಗೆ ದುಡ್ಡು ಕಟ್ಟಿಸಿಕೊಂಡಿರುತ್ತಾರೆ. ಒಳಚರಂಡಿ ಕೆಲಸಕ್ಕೂ ಹಾಗೇ. ಮಣ್ಣು ಮುಚ್ಚಿ ಹೋದವರು ಆ ಐಟಂನ ಬಿಲ್ ಎತ್ತಿದ್ದಾರಾ? ಎತ್ತಿದ್ದರೆ ಮಾಡದ ಕೆಲಸಕ್ಕೆ ದುಡ್ಡು ಹೋಗಿದೆ. ಎತ್ತಿಲ್ಲ ಅಂದರೆ ಅವರಿಂದಲೇ ಈಗ ಕೆಲಸ ಮಾಡಿಸಬಹುದು. ಹೀಗಿರುವಾಗ ಪುರಸಭೆ ಅದೇ ಜಾಗಕ್ಕೆ ಹೊಸ ಎಸ್ಟಿಮೇಟ್ ಮಾಡಿದರೆ ಒಂದೇ ಗುಂಡಿ ಮುಚ್ಚಲು ಎರಡು ಸಲ, ಮೂರು ಸಲ ದುಡ್ಡು. ಜೊತೆಗೆ ಫೆಬ್ರವರಿಯ ಕಾಂಕ್ರೀಟ್ ರಸ್ತೆಗೆ ದೋಷ ಹೊಣೆಗಾರಿಕೆ ಅವಧಿ ಇರುತ್ತದೆ. ಅಷ್ಟು ಕಾಲದೊಳಗೆ ಕೆಟ್ಟರೆ ಗುತ್ತಿಗೆದಾರನೇ ಸರಿ ಮಾಡಬೇಕು, ಅವನ ಠೇವಣಿ ಅದಕ್ಕೇ ಹಿಡಿದಿರುತ್ತಾರೆ. ಬೇರೆಯವರು ಅಗೆದುಬಿಟ್ಟರೆ 'ನನ್ನ ರಸ್ತೆ ಕೆಟ್ಟಿದ್ದಲ್ಲ, ಇವರು ಕೆಡಿಸಿದ್ದು' ಅಂತ ಅವನು ಪಾರಾಗುತ್ತಾನೆ. ಆ ಅವಕಾಶ ಕೊಟ್ಟವರು ಯಾರು ಅಂತ ಕೇಳಬೇಕು.

ಕೇಳುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. 'ಎಲ್ಲಾ ದಾಖಲೆ ಕೊಡಿ' ಅಂತ ಬರೆಯಬೇಡಿ. ಅಂಥ ಅರ್ಜಿಗೆ ಉತ್ತರವೂ ಹಾಗೇ ಬರುತ್ತದೆ. ಹೀಗೆ ಬರೆಯಿರಿ: 'ನಮ್ಮ ವಾರ್ಡಿನ ಇಂಥ ಬೀದಿಯಲ್ಲಿ ಈ ವರ್ಷ ಫೆಬ್ರವರಿಯಲ್ಲಿ ನಡೆದ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಎಂ.ಬಿ. ಪುಟಗಳು, ಪಾವತಿಯಾದ ಬಿಲ್ಲುಗಳ ದೃಢೀಕೃತ ನಕಲು ಕೊಡಿ. ಇದೇ ರಸ್ತೆಗೆ ಹೊಸ ಅಂದಾಜು ಪಟ್ಟಿ ತಯಾರಾಗಿದ್ದರೆ ಅದರ ನಕಲನ್ನೂ ಕೊಡಿ.' ಪೈಪ್ ಕೆಲಸದ್ದು ಬೇರೆ ಅರ್ಜಿ, ಆ ಕೆಲಸ ಮಾಡಿಸಿದ ಸಂಸ್ಥೆಗೆ. ಅದರಲ್ಲಿ ರಸ್ತೆ ಮರುಸ್ಥಾಪನೆಯ ಐಟಂ, ಅದಕ್ಕೆ ಪಾವತಿಯಾದ ಮೊತ್ತ ಇವೆರಡನ್ನೇ ಕೇಳಿ. ಇದೇ ಕಾಯ್ದೆಯಲ್ಲಿ ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದು ಬಹಳ ಜನಕ್ಕೆ ತಿಳಿದಿಲ್ಲ. ಒಳಚರಂಡಿ ಕೆಲಸ ಇನ್ನೂ ನಡೆಯುತ್ತಿದೆಯಲ್ಲ, ಅಲ್ಲಿ ಇದನ್ನು ಬಳಸಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅಲ್ಲಿ ತಡವಾಗುತ್ತದೆ, ತಾಳ್ಮೆ ಬೇಕು.

ಅಪಾಯ ಇಲ್ಲವೇ? ಇದೆ. ಒಬ್ಬರೇ ಅರ್ಜಿ ಹಾಕಿದರೆ 'ಯಾಕಣ್ಣ ಸುಮ್ನೆ ಇಲ್ಲದ ಉಸಾಬರಿ' ಅಂತ ಅಂಗಡಿಗೆ ಯಾರೋ ಬರುತ್ತಾರೆ. ನಿಮ್ಮ ಟ್ರೇಡ್ ಲೈಸೆನ್ಸ್ ಪುರಸಭೆಯ ಕೈಯಲ್ಲೇ ಇದೆ ಅನ್ನುವುದನ್ನು ನೆನಪಿಸುವವರೂ ಇರುತ್ತಾರೆ. ಕೆಲವು ಕಡೆ ಅರ್ಜಿದಾರರ ಮೇಲೆ ಹಲ್ಲೆ ನಡೆದದ್ದೂ ಇದೆ. ಅದಕ್ಕೆ ಒಬ್ಬರೇ ಹೋಗಬೇಡಿ. ಕಂದಾಯ ಬೇಡ ಅಂತ ಒಟ್ಟಾದ 14 ಮನೆ ಇದಕ್ಕೆ ಒಟ್ಟಾಗಲಿ. ನಾಲ್ಕೈದು ಜನ ಬೇರೆ ಬೇರೆ ಅರ್ಜಿ ಹಾಕಿ. ಅರ್ಜಿ ಹಾಕುವ ಮೊದಲು ನಿಮ್ಮ ಲೈಸೆನ್ಸ್, ಕಂದಾಯ ಎಲ್ಲಾ ಚುಕ್ತಾ ಇರಲಿ. ಕಂದಾಯ ಕಟ್ಟಿ ಅನ್ನುವುದಕ್ಕೆ ಇದೂ ಒಂದು ಕಾರಣ. ಬಾಕಿ ಉಳಿಸಿಕೊಂಡವನು ಪ್ರಶ್ನೆ ಕೇಳಿದರೆ ಮೊದಲು ಅವನ ಬಾಕಿಯನ್ನೇ ಎತ್ತಿ ತೋರಿಸುತ್ತಾರೆ. ಗುತ್ತಿಗೆದಾರ ರಾಜಿಗೆ ಕರೆದರೆ ಹೋಗಬೇಡಿ, ಒಂದು ಕಾಫಿಯನ್ನೂ ಕುಡಿಯಬೇಡಿ. ಮಾಹಿತಿ ಹಕ್ಕನ್ನೇ ವಸೂಲಿ ದಂಧೆ ಮಾಡಿಕೊಂಡವರು ಅಲ್ಲಲ್ಲಿ ಇದ್ದಾರೆ. ನಿಮ್ಮನ್ನೂ ಆ ಸಾಲಿಗೆ ಸೇರಿಸಲು ಗುತ್ತಿಗೆದಾರರು ಕಾಯುತ್ತಿರುತ್ತಾರೆ.

ದಾಖಲೆ ಕೈಗೆ ಬಂದ ಮೇಲೆ ಅಳತೆ ತಾಳೆಯಾಗದಿದ್ದರೆ ಮುಖ್ಯಾಧಿಕಾರಿಗೆ, ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಬರೆದು ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮಾಡದ ಕೆಲಸಕ್ಕೆ ಬಿಲ್ ಆದದ್ದು ಕಣ್ಣಿಗೆ ಕಾಣುವಂತಿದ್ದರೆ ಲೋಕಾಯುಕ್ತ ಇದೆ. ಅಲ್ಲಿ ದೂರಿನ ಜೊತೆ ಪ್ರಮಾಣಪತ್ರ ಕೊಡಬೇಕು, ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಆದ್ದರಿಂದ ಕೇಳಿದ ಸುದ್ದಿ ಹಿಡಿದು ಹೋಗಬೇಡಿ, ಎಂ.ಬಿ. ಪುಟ ಹಿಡಿದು ಹೋಗಿ. ಹೈಕೋರ್ಟಿನ ದಾರಿಯೂ ಇದೆ. ಒಂದು ಬೀದಿಯ ರಸ್ತೆಗೆ ಅದು ದುಬಾರಿ, ಸದ್ಯಕ್ಕೆ ಬೇಡ.

ದುಂದಿಗೆ ಮದ್ದು ಬೇರೆ ಅಂದೆನಲ್ಲ. ಅದು ಬಜೆಟ್ ಪೂರ್ವಭಾವಿ ಸಭೆ. ಪುರಸಭೆ ಬಜೆಟ್ ಮಾಡುವ ಮುಂಚೆ ಸಾರ್ವಜನಿಕರನ್ನು ಕರೆದು ಕೇಳಬೇಕು. ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ನಡೆಯುತ್ತದೆ. ನಾನು ಕೂತ ಇಂಥ ಸಭೆಗಳಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ. ಒಂದು ಸಲ ಮಾತ್ರ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹತ್ತು ವರ್ಷದ ಕಂದಾಯ ರಸೀದಿಗಳನ್ನು ದಾರದಲ್ಲಿ ಪೋಣಿಸಿಕೊಂಡು ಬಂದಿದ್ದರು. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: 'ಇದರಲ್ಲಿ ನಾನು ಕಟ್ಟಿದ ಗ್ರಂಥಾಲಯ ಸೆಸ್ ಗ್ರಂಥಾಲಯಕ್ಕೆ ಹೋಗಿದೆಯಾ?' ಸಭೆ ಗಪ್‌ಚಿಪ್. ಅಕೌಂಟೆಂಟ್ ರಿಜಿಸ್ಟರ್ ತರಿಸಿದರು, ಹೋಗಿರಲಿಲ್ಲ. ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಯಿತು. ಮುಂದಿನ ವರ್ಷದ ಆಡಿಟ್‌ಗೆ ಹೋದಾಗ ಬಾಕಿಯ ಒಂದು ದೊಡ್ಡ ಕಂತು ಸಂದಾಯವಾಗಿತ್ತು. ನಾನು ನಾಲ್ಕು ವರ್ಷ ಬರೆದ ಕಂಡಿಕೆಯಿಂದ ಆಗದ್ದು ಅದು.

ನೀವು ಆ ಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ: ಮುಂದಿನ ವರ್ಷ ನಮ್ಮ ವಾರ್ಡಿನಲ್ಲಿ ಯಾವ ಯಾವ ಸಂಸ್ಥೆ ಎಲ್ಲೆಲ್ಲಿ ಅಗೆಯುತ್ತದೆ, ಅದರ ಪಟ್ಟಿ ಕೊಡಿ. ಪೈಪು, ಚರಂಡಿ, ಕೇಬಲ್ ಕೆಲಸ ಮುಗಿಯುವವರೆಗೆ ಆ ಬೀದಿಗಳಿಗೆ ಹೊಸ ರಸ್ತೆ ಮಂಜೂರು ಮಾಡಬೇಡಿ ಅಂತ ಠರಾವು ಮಾಡಿ. ನಿಮ್ಮ ವಾರ್ಡಿನ ಸದಸ್ಯರನ್ನು ಮೊದಲೇ ಕಂಡು ಮಾತಾಡಿ. ಅವರನ್ನು ಎದುರು ಹಾಕಿಕೊಂಡು ಹೋಗಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಠರಾವು ಪುಸ್ತಕದಲ್ಲಿ ಬರೆಯುವಂತೆ ಮಾಡಬಲ್ಲವರು ಅವರೇ.

ಮೊದಲ ಕೆಲಸ ಮಾತ್ರ ಈ ವಾರವೇ ಆಗಲಿ. ಒಳಚರಂಡಿಯವರು ಮಣ್ಣು ಮುಚ್ಚುವ ಮೊದಲು ಒಡೆದ ಕಾಂಕ್ರೀಟಿನ ಅಂಚಿಗೆ ಸ್ಕೇಲ್ ಇಟ್ಟು ನಾಲ್ಕು ಕಡೆ ದಪ್ಪ ಅಳೆಯಿರಿ, ದಿನಾಂಕ ಕಾಣುವ ಹಾಗೆ ಫೋಟೋ ತೆಗೆಯಿರಿ. ಟೇಪ್ ನಿಮ್ಮ ಅಂಗಡಿಯಲ್ಲೇ ಇರುತ್ತದೆ. ಬೀದಿಯ ಉದ್ದ, ಅಗಲ ಬರೆದಿಡಿ. ಮುಚ್ಚಿದ ಮೇಲೆ ಆ ಅಳತೆ ಯಾರಿಗೂ ಸಿಗುವುದಿಲ್ಲ. ಎಂ.ಬಿ. ಪುಟಗಳ ನಕಲು ಬಂದ ಕೂಡಲೇ ನಿಮ್ಮ ಅಳತೆಯ ಜೊತೆ ನನಗೆ ಕಳಿಸಿ. ಘನ ಮೀಟರ್ ಕೂಡಿಸಿ, ಎಲ್ಲೆಲ್ಲಿ ತಾಳೆಯಾಗುವುದಿಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.